ಇನ್ನೊಂದು ವರ್ಷ ಕೂರಿಸೋದಾ, ಬೇಡವಾ?

ಜೂನ್‌ನಲ್ಲಿ ನೀಟ್ ರಿಸಲ್ಟ್ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಊಟದ ಹೊತ್ತಿಗೆ ಇದೊಂದೇ ಮಾತು. ಸರ್ಕಾರಿ ಸೀಟಿಗೆ ಸಾಲದು, ಹಾಗಂತ ಆಸೆ ಬಿಡೋಕೂ ಮನಸ್ಸು ಬಾರದು, ಅಷ್ಟು ಅಂಕ ಬಂದಿರುತ್ತೆ. ‘ಲಾಂಗ್ ಟರ್ಮ್‌ಗೆ ಹಾಕಿ’ ಅಂತ ಒಬ್ಬರು, ‘ಹೆಣ್ಣುಮಗು, ವರ್ಷ ಯಾಕೆ ಹಾಳು ಮಾಡ್ತೀರಿ, ಸಿಕ್ಕಿದ್ದಕ್ಕೆ ಸೇರಿಸಿ’ ಅಂತ ಇನ್ನೊಬ್ಬರು. ಈ ಸಲ ನನ್ನ ತಂಗಿಯ ಮನೆಯಲ್ಲೂ ಅದೇ ಆಯ್ತು. ಅವಳ ಮಗಳಿಗೆ 720ಕ್ಕೆ 421 ಬಂತು. ತಂಗಿಯ ಗಂಡ ಆಗಲೇ ಬ್ಯಾಂಕಿಗೆ ಹೋಗಿ ಒಡವೆ ಸಾಲದ ವಿಚಾರ ಕೇಳಿಕೊಂಡು ಬಂದಿದ್ದರು. ಕೋಚಿಂಗ್ ಫೀಸು, ಹಾಸ್ಟೆಲ್ ಎರಡೂ ಸೇರಿದರೆ ಸಣ್ಣ ಮೊತ್ತ ಅಲ್ಲವಲ್ಲ.

ಸಾಲದ ಅರ್ಜಿಗೆ ಮುಂಚೆ ಮಗಳ ಉತ್ತರ ಪತ್ರಿಕೆ ನೋಡೋಣ ಅಂದೆ. ‘ಅಂಕ ಗೊತ್ತಲ್ಲ ಅಕ್ಕ, ಇನ್ನೇನು ನೋಡೋದು?’ ಅಂದಳು ತಂಗಿ. ಬರೀ ಅಂಕ ನೋಡಿದರೆ ಹೆಚ್ಚೇನೂ ತಿಳಿಯೋಲ್ಲ. 2024ರಲ್ಲಿ ಪರಿಷ್ಕೃತ ಫಲಿತಾಂಶದ ಪ್ರಕಾರ 17 ಮಂದಿಗೆ 720ಕ್ಕೆ 720 ಬಂದಿತ್ತು. ಮರುವರ್ಷ ಪತ್ರಿಕೆ ಕಷ್ಟವಾಗಿ, ದೇಶಕ್ಕೇ ಮೊದಲು ಬಂದವರ ಅಂಕ 686. ಒಂದು ವರ್ಷದ ಅಂಕವನ್ನು ಇನ್ನೊಂದು ವರ್ಷದ ಅಂಕಕ್ಕೆ ಹೋಲಿಸೋಕೆ ಆಗೋಲ್ಲ. ನೋಡಬೇಕಾದ್ದು ರ‍್ಯಾಂಕ್. ಹಿಂದಿನ ವರ್ಷಗಳಲ್ಲಿ ಯಾವ ಕಾಲೇಜಿಗೆ, ಯಾವ ಕೆಟಗರಿಗೆ ಎಷ್ಟನೇ ರ‍್ಯಾಂಕಿನ ತನಕ ಸೀಟು ಸಿಕ್ಕಿದೆ ಅನ್ನೋದನ್ನು ಕೆಇಎ ತನ್ನ ವೆಬ್‌ಸೈಟಿನಲ್ಲೇ ಹಾಕಿರುತ್ತೆ. ನಮ್ಮ ಮಗು ಆ ಗೆರೆಯಿಂದ ಎಷ್ಟು ದೂರ ಇದೆ ಅಂತ ಮೊದಲು ಅಲ್ಲಿ ನೋಡಿಕೊಳ್ಳಿ.

ಆಮೇಲೆ ಪ್ರಶ್ನೆಪತ್ರಿಕೆ. ಅದನ್ನು ಮಕ್ಕಳು ಮನೆಗೆ ತಂದಿರುತ್ತಾರೆ. ಕೀ ಉತ್ತರ ಮತ್ತು ಓಎಂಆರ್ ಹಾಳೆಯ ಪ್ರತಿ ಎನ್‌ಟಿಎ ವೆಬ್‌ಸೈಟಿನಲ್ಲಿ ಬಂದಾಗ ಇಳಿಸಿಟ್ಟುಕೊಂಡಿರಬೇಕು. ನಾನೂ ಹುಡುಗಿಯೂ ಒಂದು ಮಧ್ಯಾಹ್ನ ಕೂತು ಎಣಿಸಿದೆವು. ಒಟ್ಟು 180 ಪ್ರಶ್ನೆ. ಸರಿ 115, ತಪ್ಪು 39, ಬಿಟ್ಟದ್ದು 26. ಸರಿಯಾದದ್ದಕ್ಕೆ ನಾಲ್ಕರಂತೆ 460 ಬಂದಿತ್ತು, ತಪ್ಪಿಗೆ ಒಂದರಂತೆ 39 ಹೋಯ್ತು. ಜೀವಶಾಸ್ತ್ರದ 90ರಲ್ಲಿ 72 ಸರಿ. ಭೌತಶಾಸ್ತ್ರದ 45ರಲ್ಲಿ ಸರಿ ಬರೀ 17, ಮುಟ್ಟದೇ ಬಿಟ್ಟದ್ದು 16.

ಬಿಟ್ಟದ್ದು, ತಪ್ಪಿದ್ದು ಒಂದೊಂದನ್ನೂ ಕೇಳಿದೆ: ಗೊತ್ತಿರಲಿಲ್ವಾ? ಗೊತ್ತಿದ್ದೂ ಅವಸರದಲ್ಲಿ ತಪ್ಪಿತಾ? ಟೈಮ್ ಸಾಲಲಿಲ್ವಾ? ಭೌತಶಾಸ್ತ್ರದ ಮೂರು ಅಧ್ಯಾಯ ಅವಳಿಗೆ ಬುಡದಿಂದಲೇ ಅರ್ಥ ಆಗಿರಲಿಲ್ಲ. ಉಳಿದದ್ದರಲ್ಲಿ ಹೆಚ್ಚಿನವು ಊಹೆ ಮಾಡಿ ತುಂಬಿದ್ದು.

ಈ ವಿಂಗಡಣೆ ಮಾಡಿದರೆ ಅರ್ಧ ಉತ್ತರ ಸಿಕ್ಕಂತೆ. ಗೊತ್ತಿಲ್ಲದ ಪಾಠ ಇದ್ದರೆ ಒಂದು ವರ್ಷದಲ್ಲಿ ಕಲಿಯಬಹುದು. ಗೊತ್ತಿದ್ದೂ ಕೈನಡುಗಿ ತಪ್ಪಿದ್ದರೆ ಅದೇ ಪಾಠವನ್ನು ಮತ್ತೆ ಕ್ಲಾಸಿನಲ್ಲಿ ಕೂತು ಕೇಳಿದರೆ ಹೆಚ್ಚು ಪ್ರಯೋಜನ ಇಲ್ಲ; ಗಡಿಯಾರ ಇಟ್ಟುಕೊಂಡು ಪೂರ್ತಿ ಪತ್ರಿಕೆಗಳನ್ನು ಬರೆದು ಅಭ್ಯಾಸ ಮಾಡಬೇಕು. ಇನ್ನು ವರ್ಷವಿಡೀ ಶಕ್ತಿಮೀರಿ ಓದಿ, ಎಲ್ಲ ವಿಷಯದಲ್ಲೂ ಒಂದೇ ಸಮ ಕಡಿಮೆ ಬಂದಿದ್ದರೆ, ಮತ್ತೊಂದು ವರ್ಷದಿಂದ ಏನು ಬದಲಾಗುತ್ತೆ ಅಂತ ಮಗುವಿನ ಹತ್ತಿರವೇ ನಿಧಾನವಾಗಿ ಕೇಳಬೇಕು.

ಯಾವ ಪರೀಕ್ಷೆ ಅನ್ನೋದೂ ಮುಖ್ಯ. ಎಂಜಿನಿಯರಿಂಗ್‌ಗೆ ಸಿಇಟಿ ಮತ್ತೆ ಬರೆಸೋರು ನೆನಪಿಡಿ, ಆ ರ‍್ಯಾಂಕಿನಲ್ಲಿ ಅರ್ಧ ಪಾಲು ದ್ವಿತೀಯ ಪಿಯು ಅಂಕದ್ದು. ಪಿಯು ಅಂಕ ಕಡಿಮೆ ಇದ್ದರೆ ಸಿಇಟಿ ಮತ್ತೆ ಬರೆದರೂ ಸುಧಾರಿಸೋದು ಉಳಿದ ಅರ್ಧ ಮಾತ್ರ. ಜೆಇಇ ಅಡ್ವಾನ್ಸ್‌ಡ್ ಬರೆಯೋಕೆ ಇರೋದು ಎರಡೇ ಅವಕಾಶ, ಅದೂ ಒಂದರ ಹಿಂದೆ ಒಂದು ವರ್ಷ. ನೀಟ್‌ಗೆ ಈಗ ಗರಿಷ್ಠ ವಯಸ್ಸೂ ಇಲ್ಲ, ಇಷ್ಟೇ ಸಲ ಅಂತಲೂ ಇಲ್ಲ. ನನಗೆ ಭಯ ಆಗೋದು ಅಲ್ಲೇ. ಎರಡನೇ ಸಲ, ಮೂರನೇ ಸಲ, ‘ಇನ್ನೊಂದೇ ಒಂದು ಸಲ’ ಅಂತ ಇಪ್ಪತ್ತೊಂದು ವರ್ಷದ ತನಕ ಕೋಣೆಯೊಳಗೇ ಕೂತ ಮಕ್ಕಳನ್ನು ನೋಡಿದ್ದೇನೆ. ಸರ್ಕಾರ ಹಾಕದ ಮಿತಿಯನ್ನು ಮನೆಯವರೇ ಹಾಕಿಕೊಳ್ಳಬೇಕು.

ಇಷ್ಟೆಲ್ಲ ಮಾತಾಡುವಾಗ ಹುಡುಗಿ ಬಾಯಿ ಬಿಟ್ಟಿರಲಿಲ್ಲ. ಅಪ್ಪ ಅಮ್ಮ ಆಚೆ ಹೋದ ಮೇಲೆ ‘ನಿಂಗೇನು ಬೇಕೇ?’ ಅಂದೆ. ‘ಡಾಕ್ಟರ್ ಆಗೋದು ಬೇಕು ದೊಡ್ಡಮ್ಮ. ಆ ಹಾಸ್ಟೆಲ್ ಮಾತ್ರ ಬೇಡ. ಬೆಳಿಗ್ಗೆ ಐದಕ್ಕೆ ಎಬ್ಬಿಸ್ತಾರೆ, ವಾರವಾರ ಮಾರ್ಕ್ಸ್ ಪಟ್ಟಿ ಗೋಡೆಗೆ ಅಂಟಿಸ್ತಾರೆ. ಅದನ್ನ ಇನ್ನೊಂದು ವರ್ಷ ನನ್ನ ಕೈಲಿ ಆಗಲ್ಲ’ ಅಂದಳು. ಎರಡು ವರ್ಷ ಅವಳು ಪಿಯು ಓದಿದ್ದು ಅಂಥದೇ ಹಾಸ್ಟೆಲ್‌ನಲ್ಲಿ. ಅಪ್ಪ ಒಡವೆ ಒತ್ತೆ ಇಡೋಕೆ ಹೊರಟಿದ್ದು ಅವಳು ಹೆದರುವ ಆ ಹಾಸ್ಟೆಲ್‌ಗೇ! ಮತ್ತೆ ಪರೀಕ್ಷೆ ಬರೆಯೋದು, ಮತ್ತೆ ಹಾಸ್ಟೆಲ್‌ಗೆ ಹೋಗೋದು ಎರಡೂ ಒಂದೇ ಅಂತ ನಾವೆಲ್ಲ ತಿಳಿದಿದ್ದೆವು.

ಕೊನೆಗೆ ಅವರ ಮನೆಯಲ್ಲಿ ಆದ ತೀರ್ಮಾನ ಇದು. ಒಂದೇ ಒಂದು ಸಲ ಮತ್ತೆ ಬರೆಯೋದು. ಮನೆಯಲ್ಲೇ ಓದು, ಭೌತಶಾಸ್ತ್ರಕ್ಕೆ ಮಾತ್ರ ಟ್ಯೂಷನ್, ಭಾನುವಾರ ಪೂರ್ತಿ ಪತ್ರಿಕೆ. ಜೊತೆಗೆ ಸಿಇಟಿಯನ್ನೂ ಬರೆಯೋದು. ಪಶುವೈದ್ಯಕೀಯ, ಬಿಎಸ್ಸಿ ಕೃಷಿ, ಫಾರ್ಮಸಿ, ಬಿಎಸ್ಸಿ ನರ್ಸಿಂಗ್‌ಗೆ ಅದರಿಂದಲೂ ದಾರಿ ಇದೆ. ಮುಂದಿನ ಜೂನ್‌ನಲ್ಲಿ ವೈದ್ಯಕೀಯ ಸೀಟು ಬರದಿದ್ದರೆ ಆ ಪಟ್ಟಿಯಲ್ಲಿ ಸಿಕ್ಕಿದ್ದಕ್ಕೆ ಸೇರೋದು, ಮೂರನೇ ಸಲದ ಮಾತು ಎತ್ತೋ ಹಾಗಿಲ್ಲ. ಸಂಕ್ರಾಂತಿಯ ಹೊತ್ತಿಗೆ ಭಾನುವಾರದ ಅಂಕ ಏರಿದೆಯೋ ಇಲ್ಲವೋ ಅಂತ ಎಲ್ಲರೂ ಕೂತು ನೋಡೋದು. ಒಡವೆ ಸದ್ಯಕ್ಕೆ ಬೀರುವಿನಲ್ಲೇ ಇದೆ.

ಇದೇ ನಿಮ್ಮ ಮನೆಗೂ ಸರಿ ಅಂತ ನಾನು ಹೇಳೋಲ್ಲ. ಮನೆಯಲ್ಲಿ ಓದೋಕೆ ಜಾಗ ಇಲ್ಲದ, ಎದುರಿಗೆ ಮೇಷ್ಟ್ರು ಇದ್ದರೇ ಓದುವ ಮಕ್ಕಳೂ ಇದ್ದಾರೆ. ಅವರಿಗೆ ಲಾಂಗ್ ಟರ್ಮೇ ಸರಿ ಹೋಗಬಹುದು. ಈ ವರ್ಷ ಸಿಕ್ಕ ಸೀಟು ಹಿಡಿದು ಮುಂದಿನ ವರ್ಷ ಬಿಡುವ ಯೋಚನೆ ಇದ್ದರೆ, ಶುಲ್ಕ ವಾಪಸು ಮತ್ತು ಮೂಲ ದಾಖಲೆಗಳ ನಿಯಮ ಓದಿಕೊಂಡೇ ಸೇರಿಸಿ. ಫೀಸು ಕಟ್ಟೋ ಮುಂಚೆ ಒಂದು ಮಧ್ಯಾಹ್ನ ಮಗುವಿನ ಜೊತೆ ಪ್ರಶ್ನೆಪತ್ರಿಕೆ ಹಿಡಿದು ಕೂತುಕೊಳ್ಳಿ. ಬೈಯಬೇಡಿ, ಎಣಿಸಿ ಅಷ್ಟೇ.