ಗೌರವಧನವೋ, ನ್ಯಾಯವಾದ ಕೂಲಿಯೋ? ಆಶಾ ಕಾರ್ಯಕರ್ತೆಯರ ಮುಷ್ಕರ ಎತ್ತಿದ ಪ್ರಶ್ನೆ

2025ರ ಜನವರಿ 7ರಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾಜ್ಯದ ನಾನಾ ಜಿಲ್ಲೆಗಳಿಂದ ಬಂದ ಸಾವಿರಾರು ಆಶಾ ಕಾರ್ಯಕರ್ತೆಯರು ಅಹೋರಾತ್ರಿ ಧರಣಿ ಕುಳಿತರು. ತಿಂಗಳಿಗೆ 15,000 ರೂಪಾಯಿ ನಿಶ್ಚಿತ ಗೌರವಧನ ಬೇಕೆಂಬುದು ಅವರ ಮುಖ್ಯ ಬೇಡಿಕೆಯಾಗಿತ್ತು. ನಾಲ್ಕನೆಯ ದಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸಂಘದ ಪ್ರತಿನಿಧಿಗಳನ್ನು ಕರೆಸಿ ಮಾತನಾಡಿದರು. ಕೇಂದ್ರ ಮತ್ತು ರಾಜ್ಯದ ಪಾಲು ಎರಡೂ ಸೇರಿ ತಿಂಗಳಿಗೆ ಕನಿಷ್ಠ 10,000 ರೂಪಾಯಿ ಏಪ್ರಿಲ್‌ನಿಂದ ಕೈಸೇರುವಂತೆ ನೋಡಿಕೊಳ್ಳುವ ಭರವಸೆ ದೊರೆಯಿತು. ಧರಣಿ ಮುಗಿಯಿತು. ಆದರೆ ಅದೇ ವರ್ಷ ಆಗಸ್ಟ್ ತಿಂಗಳಲ್ಲಿ, ಕೊಟ್ಟ ಮಾತು ಜಾರಿಗೆ ಬಂದಿಲ್ಲವೆಂದು ಈ ಮಹಿಳೆಯರು ಮತ್ತೆ ಬೀದಿಗಿಳಿಯಬೇಕಾಯಿತು.

ನೆರೆಯ ಕೇರಳದ ಕತೆ ಇನ್ನೂ ದೀರ್ಘ. ಅಲ್ಲಿನ ಆಶಾ ಕಾರ್ಯಕರ್ತೆಯರ ಒಂದು ಸಂಘ 2025ರ ಫೆಬ್ರವರಿ 10ರಂದು ತಿರುವನಂತಪುರದ ಸೆಕ್ರೆಟರಿಯೇಟ್ ಎದುರು ಧರಣಿ ಆರಂಭಿಸಿತು. 7,000 ರೂಪಾಯಿ ಇದ್ದ ಗೌರವಧನವನ್ನು 21,000ಕ್ಕೆ ಏರಿಸಿ, ನಿವೃತ್ತಿಯ ವೇಳೆ 5 ಲಕ್ಷ ರೂಪಾಯಿ ಕೊಡಿ ಎಂದು ಅವರು ಕೇಳಿದರು. ಐವತ್ತನೆಯ ದಿನ ಕೆಲವು ಮಹಿಳೆಯರು ಪ್ರತಿಭಟನೆಯಾಗಿ ತಮ್ಮ ತಲೆಗೂದಲನ್ನೇ ಕತ್ತರಿಸಿಕೊಂಡರು. 260ಕ್ಕೂ ಹೆಚ್ಚು ದಿನಗಳ ಬಳಿಕ, ಅಕ್ಟೋಬರ್ ಕೊನೆಯಲ್ಲಿ ಸರ್ಕಾರ ಘೋಷಿಸಿದ ಏರಿಕೆ 1,000 ರೂಪಾಯಿ. ನವೆಂಬರ್ 1ರಂದು ಅವರು ಸೆಕ್ರೆಟರಿಯೇಟ್ ಎದುರಿನ ಹಗಲು-ರಾತ್ರಿಯ ಧರಣಿಯನ್ನು ಮುಗಿಸಿದರು.

ಕರ್ನಾಟಕದಲ್ಲಿ ಕಾಂಗ್ರೆಸ್ ಸರ್ಕಾರ, ಕೇರಳದಲ್ಲಿ ಎಡರಂಗದ ಸರ್ಕಾರ, ಕೇಂದ್ರದಲ್ಲಿ ಬಿಜೆಪಿ ನೇತೃತ್ವದ ಸರ್ಕಾರ ಇದ್ದ ಕಾಲವಿದು. ಮೂರೂ ಕಡೆ ಬೇರೆ ಬೇರೆ ಬಣ್ಣದ ಬಾವುಟ, ಉತ್ತರ ಮಾತ್ರ ಬಹುತೇಕ ಒಂದೇ. ಆದ್ದರಿಂದ ಇದನ್ನು ಯಾವುದೋ ಒಂದು ಪಕ್ಷದ ತಪ್ಪೆಂದು ಹೇಳಿ ಕೈತೊಳೆದುಕೊಳ್ಳುವುದು ಸರಿಯಾಗದು. ಸಮಸ್ಯೆಯ ಬೇರು ಇನ್ನೂ ಆಳದಲ್ಲಿದೆ ಎಂದು ನಾವು ಭಾವಿಸುತ್ತೇವೆ.

ಯಾರಿವರು?

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದಾಗ, ಸಾವಿರ ಜನಸಂಖ್ಯೆಗೆ ಒಬ್ಬರಂತೆ ಅದೇ ಊರಿನ ಮಹಿಳೆಯೊಬ್ಬರನ್ನು ಆರೋಗ್ಯ ಕಾರ್ಯಕರ್ತೆಯಾಗಿ ಆರಿಸುವ ವ್ಯವಸ್ಥೆ ಬಂತು. ಕರ್ನಾಟಕದಲ್ಲಿ ಇಂದು ಸುಮಾರು 42,000 ಮಂದಿ ಇದ್ದಾರೆ. ಗರ್ಭಿಣಿಯರ ಹೆಸರು ನೋಂದಾಯಿಸುವುದು, ಹೆರಿಗೆಗೆ ಆಸ್ಪತ್ರೆಗೆ ಕರೆದೊಯ್ಯುವುದು, ಲಸಿಕೆ ಹಾಕಿಸಲು ತಾಯಂದಿರನ್ನು ಒಪ್ಪಿಸುವುದು, ಕ್ಷಯರೋಗಿ ತಪ್ಪದೆ ಮಾತ್ರೆ ನುಂಗುವಂತೆ ನೋಡಿಕೊಳ್ಳುವುದು ಇವರ ಕೆಲಸ. ನಮ್ಮ ಕರಾವಳಿಯಲ್ಲಿ ಮಳೆಗಾಲ ಬಂತೆಂದರೆ ಮಲೇರಿಯಾ, ಡೆಂಗಿ ಸಮೀಕ್ಷೆಗೆ ಮನೆಮನೆ ಸುತ್ತುವವರೂ ಇವರೇ. ಕೋವಿಡ್ ಕಾಲದಲ್ಲಿ ನಾವೆಲ್ಲ ಬಾಗಿಲು ಮುಚ್ಚಿಕೊಂಡಿದ್ದಾಗ ಬಾಗಿಲು ತಟ್ಟಿ ಜ್ವರ ಇದೆಯೇ ಎಂದು ಕೇಳಿದವರು ಇವರೆಂಬುದನ್ನು ಓದುಗರು ಮರೆತಿರಲಾರರು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಗೌರವ ಪ್ರಶಸ್ತಿ ನೀಡಿತು. ದೇಶದ ನಾಯಕರೆಲ್ಲ ಅಭಿನಂದಿಸಿದರು. ಚಪ್ಪಾಳೆಗೆ ಕೊರತೆಯಾಗಲಿಲ್ಲ.

ಕೊರತೆ ಇರುವುದು ಸಂಬಳದಲ್ಲಿ. ನಿಜ ಹೇಳಬೇಕೆಂದರೆ ಇವರಿಗೆ ಸಂಬಳವೆಂಬುದೇ ಇಲ್ಲ. ರಾಜ್ಯ ಕೊಡುವುದು ಗೌರವಧನ, ಕೇಂದ್ರ ಕೊಡುವುದು ಪ್ರೋತ್ಸಾಹಧನ. 2025ರ ಮುಷ್ಕರದ ವೇಳೆಗೆ ರಾಜ್ಯದ ಗೌರವಧನ ತಿಂಗಳಿಗೆ 5,000 ರೂಪಾಯಿ ಇತ್ತು. ಕೇಂದ್ರದ ಪಾಲು ಹೆಚ್ಚಾಗಿ ಕೆಲಸದ ಲೆಕ್ಕದಲ್ಲಿ ಬರುತ್ತದೆ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಮನೆಗೆ ನಲವತ್ತೆರಡು ದಿನಗಳೊಳಗೆ ಆರು ಸಲ ಹೋಗಿ ತಾಯಿ-ಮಗುವನ್ನು ನೋಡಿ ಬಂದರೆ 250 ರೂಪಾಯಿ ಎಂಬುದು 2011ರಲ್ಲಿ ಈ ಕಾರ್ಯಕ್ರಮ ಆರಂಭವಾದಾಗ ನಿಗದಿಯಾದ ದರ. ಅಂದರೆ ಒಂದು ಭೇಟಿಗೆ ಸುಮಾರು 42 ರೂಪಾಯಿ. ಗುಡ್ಡದ ಆಚೆಯ ಮನೆಗೆ ಹೋಗಿ ಬರಲು ಬಸ್ಸು, ಆಟೋಗೆ ಎಷ್ಟು ಬೇಕು ಎಂಬುದನ್ನು ಓದುಗರೇ ಲೆಕ್ಕ ಹಾಕಲಿ. ಮಾಡಿದ ಕೆಲಸ ಕಂಪ್ಯೂಟರ್ ಪೋರ್ಟಲ್‌ನಲ್ಲಿ ಸರಿಯಾಗಿ ದಾಖಲಾಗದಿದ್ದರೆ ಆ ಹಣವೂ ಕೈತಪ್ಪುತ್ತದೆ ಎಂಬುದು ಇವರ ಬಹುಕಾಲದ ದೂರು.

10,000 ರೂಪಾಯಿಯ ಲೆಕ್ಕ

ಮುಖ್ಯಮಂತ್ರಿಗಳು ಭರವಸೆ ನೀಡಿದ 10,000 ರೂಪಾಯಿ ಕಡಿಮೆಯೇ? ಒಂದು ಸರಳ ಹೋಲಿಕೆ ಸಾಕು. 2025-26ನೇ ಸಾಲಿಗೆ ಕರ್ನಾಟಕದಲ್ಲಿ ಉದ್ಯೋಗ ಖಾತರಿ ಯೋಜನೆಯ ದಿನಗೂಲಿ 370 ರೂಪಾಯಿ ಎಂದು ನಿಗದಿಯಾಗಿತ್ತು. ತಿಂಗಳಿಗೆ 26 ದಿನ ಕೆಲಸವೆಂದು ಹಿಡಿದರೆ 9,620 ರೂಪಾಯಿ ಆಗುತ್ತದೆ. ತರಬೇತಿ ಪಡೆದು, ಹಗಲು-ರಾತ್ರಿ ಎನ್ನದೆ ಹೆರಿಗೆಗೆ ಓಡುವ ಆರೋಗ್ಯ ಕಾರ್ಯಕರ್ತೆಗೆ ಭರವಸೆ ಸಿಕ್ಕಿದ್ದು ಕೆರೆಯ ಹೂಳೆತ್ತುವ ಕೂಲಿಗಿಂತ ತಿಂಗಳಿಗೆ 380 ರೂಪಾಯಿ ಮಾತ್ರ ಹೆಚ್ಚು. ಹೂಳೆತ್ತುವ ಕೆಲಸ ಕೀಳೆಂದು ನಾವು ಹೇಳುತ್ತಿಲ್ಲ. ಆ ಕೆಲಸಕ್ಕೆ ಕಾನೂನು ಒಂದು ಕನಿಷ್ಠ ಕೂಲಿಯನ್ನು ಕಟ್ಟಿಕೊಟ್ಟಿದೆ, ಈ ಕೆಲಸಕ್ಕೆ ಅದೂ ಇಲ್ಲ ಎಂಬುದನ್ನು ಗಮನಿಸಬೇಕು.

ಸರ್ಕಾರದ ಕಡೆಯ ಮಾತನ್ನೂ ಕೇಳೋಣ. 42,000 ಮಂದಿಗೆ ತಿಂಗಳಿಗೆ 5,000 ರೂಪಾಯಿ ಹೆಚ್ಚಿಸಿದರೆ ವರ್ಷಕ್ಕೆ 252 ಕೋಟಿ ರೂಪಾಯಿ ಹೊರೆ. ಇದು ಸಣ್ಣ ಮೊತ್ತವಲ್ಲ. ಇದು ಕೇಂದ್ರ ಪುರಸ್ಕೃತ ಯೋಜನೆ, ಕೇಂದ್ರ ತನ್ನ ಪಾಲನ್ನು ಏರಿಸಲಿ ಎಂದು ರಾಜ್ಯ ಹೇಳುತ್ತದೆ. ಆರೋಗ್ಯ ರಾಜ್ಯದ ವಿಷಯ, ಹೆಚ್ಚು ಕೊಡಲು ರಾಜ್ಯಕ್ಕೆ ಅಡ್ಡಿಯಿಲ್ಲ ಎಂದು ಕೇಂದ್ರ ಹೇಳುತ್ತದೆ. ದಿನನಿತ್ಯದ ಕೆಲಸಗಳಿಗೆ ಕೇಂದ್ರ ಕೊಡುವ ನಿಶ್ಚಿತ ಪ್ರೋತ್ಸಾಹಧನ 2018ರಲ್ಲಿ 1,000ದಿಂದ 2,000 ರೂಪಾಯಿಗೆ ಏರಿತು. ಮುಂದಿನ ಏರಿಕೆಗೆ, ಅಂದರೆ 3,500 ರೂಪಾಯಿಗೆ, 2025ರವರೆಗೆ ಕಾಯಬೇಕಾಯಿತು. ನಡುವಿನ ಏಳು ವರ್ಷಗಳಲ್ಲಿ ಅಕ್ಕಿ, ಎಣ್ಣೆ, ಗ್ಯಾಸಿನ ಬೆಲೆ ಕಾಯಲಿಲ್ಲ.

ಆದರೆ ಎಲ್ಲಕ್ಕಿಂತ ಮುಖ್ಯವಾದ ವಾದ ಬೇರೆ. ಇವರು ಕಾರ್ಮಿಕರಲ್ಲ, ಸ್ವಯಂಸೇವಕಿಯರು. ಇವರು ಮಾಡುತ್ತಿರುವುದು ಸೇವೆ ಎಂಬ ವಾದ. ಈ ಒಂದು ಮಾತಿನ ಬಲದಿಂದ ಕನಿಷ್ಠ ವೇತನ, ಭವಿಷ್ಯನಿಧಿ, ಪಿಂಚಣಿ ಎಲ್ಲವೂ ದೂರವಾಗುತ್ತವೆ. 2013ರಲ್ಲಿ ನಡೆದ 45ನೇ ಭಾರತೀಯ ಕಾರ್ಮಿಕ ಸಮ್ಮೇಳನ, ಇಂತಹ ಯೋಜನೆಗಳಲ್ಲಿ ದುಡಿಯುವವರನ್ನು ಕಾರ್ಮಿಕರೆಂದು ಗುರುತಿಸಿ ಕನಿಷ್ಠ ವೇತನ ಕೊಡಬೇಕೆಂದು ಶಿಫಾರಸು ಮಾಡಿತ್ತು. ಅದು ಕಡತದಲ್ಲೇ ಉಳಿಯಿತು. ಅಂಗನವಾಡಿ ಕಾರ್ಯಕರ್ತೆಯರಿಗೆ ಗ್ರಾಚುಟಿ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ತೀರ್ಪು ನೀಡಿದ್ದು ಈ ದಾರಿಯಲ್ಲಿ ಒಂದು ಹೆಜ್ಜೆ. ಆಶಾ ಕಾರ್ಯಕರ್ತೆಯರಿಗೆ ಆ ಹೆಜ್ಜೆಯೂ ದೊರೆತಿಲ್ಲ.

ಧರ್ಮಸಭೆ ಏನು ಹೇಳುತ್ತದೆ?

ಕೂಲಿಯ ಪ್ರಶ್ನೆ ಧರ್ಮದ ಪ್ರಶ್ನೆಯಲ್ಲ ಎಂದು ಭಾವಿಸುವವರು ನಮ್ಮಲ್ಲೂ ಇದ್ದಾರೆ. ಪವಿತ್ರ ಗ್ರಂಥ ಹಾಗೆ ಭಾವಿಸುವುದಿಲ್ಲ. ಬಡ ಕೂಲಿಯವನ ಸಂಬಳವನ್ನು ಸೂರ್ಯ ಮುಳುಗುವ ಮುನ್ನ ಕೊಟ್ಟುಬಿಡಬೇಕೆಂಬುದು ಧರ್ಮೋಪದೇಶಕಾಂಡದ ಆಜ್ಞೆ. ಹಿಡಿದಿಟ್ಟ ಕೂಲಿ ದೇವರಿಗೆ ಕೇಳುವಂತೆ ಕೂಗುತ್ತದೆಂದು ಸಂತ ಯಕೋಬರ ಪತ್ರ ಶ್ರೀಮಂತರನ್ನು ಎಚ್ಚರಿಸುತ್ತದೆ.

ಜಗದ್ಗುರು ಹದಿಮೂರನೆಯ ಲಿಯೋರವರು 1891ರಲ್ಲಿ ಹೊರಡಿಸಿದ ‘ರೇರುಂ ನೊವಾರುಂ’ ವಿಶ್ವಪತ್ರ ಈ ವಿಷಯದಲ್ಲಿ ಒಂದು ಮೈಲಿಗಲ್ಲು. ಕೆಲಸಗಾರ ಒಪ್ಪಿಕೊಂಡ ಮೇಲೆ ಕೊಟ್ಟ ಕೂಲಿ ನ್ಯಾಯವೇ ಆಯಿತಲ್ಲ ಎಂಬ ವಾದವನ್ನು ಅವರು ಅಂದೇ ತಳ್ಳಿಹಾಕಿದರು. ಹಸಿವಿಗೆ ಅಂಜಿ, ಬೇರೆ ದಾರಿ ಕಾಣದೆ ಒಪ್ಪಿಕೊಂಡದ್ದು ಒಪ್ಪಿಗೆಯಲ್ಲ, ಬಲವಂತ ಎಂಬುದು ಅವರ ನಿಲುವು. ಉಭಯ ಪಕ್ಷಗಳ ಒಪ್ಪಂದ ಮಾತ್ರದಿಂದ ಸಂಬಳ ನ್ಯಾಯಬದ್ಧವಾಗುವುದಿಲ್ಲವೆಂದು 1992ರ ಕಥೊಲಿಕ ಧರ್ಮೋಪದೇಶ ಗ್ರಂಥವೂ ಬೋಧಿಸುತ್ತದೆ. 2025ರ ಮೇ 8ರಂದು ಆಯ್ಕೆಯಾದ ಜಗದ್ಗುರು ಹದಿನಾಲ್ಕನೆಯ ಲಿಯೋರವರು ತಾವು ಈ ಹೆಸರನ್ನು ಆರಿಸಿಕೊಂಡದ್ದು ಮುಖ್ಯವಾಗಿ ಆ ವಿಶ್ವಪತ್ರದ ನೆನಪಿನಲ್ಲಿ ಎಂದು ಕಾರ್ಡಿನಲರಿಗೆ ತಿಳಿಸಿದರು. ಹಳೆಯ ವಿಶ್ವಪತ್ರ ಇಂದಿಗೂ ಹಳತಾಗಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಾಗಾದರೆ ಮುಷ್ಕರ? ರೋಗಿಗಳನ್ನು, ಗರ್ಭಿಣಿಯರನ್ನು ಬಿಟ್ಟು ಧರಣಿ ಕೂರುವುದು ಸರಿಯೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಾಧುವಾದದ್ದೇ. ದ್ವಿತೀಯ ವ್ಯಾಟಿಕನ್ ಮಹಾಸಭೆ ಮುಷ್ಕರವನ್ನು ಕೊನೆಯ ಉಪಾಯವಾಗಿ ಒಪ್ಪುತ್ತದೆ. ಮೊದಲು ಮಾತುಕತೆ ನಡೆಯಬೇಕು, ಹಿಂಸೆ ಇರಬಾರದು, ಸಾರ್ವತ್ರಿಕ ಹಿತಕ್ಕೆ ಧಕ್ಕೆಯಾಗಬಾರದು ಎಂಬುದು ಧರ್ಮಸಭೆಯ ನಿಬಂಧನೆ. ಜಗದ್ಗುರು ಎರಡನೆಯ ಜಾನ್ ಪೌಲರು 1981ರ ‘ಲಬೋರೆಂ ಎಕ್ಸೆರ್ಚೆನ್ಸ್’ ವಿಶ್ವಪತ್ರದಲ್ಲಿ ಮುಷ್ಕರದ ಹಕ್ಕನ್ನು ಎತ್ತಿಹಿಡಿಯುತ್ತಲೇ, ಅತ್ಯಗತ್ಯ ಸೇವೆಗಳು ನಿಲ್ಲದಂತೆ ನೋಡಿಕೊಳ್ಳಬೇಕೆಂದೂ ಹೇಳಿದ್ದಾರೆ. ಈ ಅಳತೆಗೋಲಿನಿಂದ ಅಳೆದಾಗ, 2020ರ ಜುಲೈನಲ್ಲಿ 12,000 ರೂಪಾಯಿಗಾಗಿ ಮುಷ್ಕರ ಹೂಡಿ, ಬಳಿಕ ವರ್ಷಗಟ್ಟಲೆ ಮನವಿ ಸಲ್ಲಿಸಿ, ಕೊನೆಗೆ 2025ರ ಚಳಿಯಲ್ಲಿ ಶಾಂತಿಯಿಂದ ಕುಳಿತ ಮಹಿಳೆಯರನ್ನು ದುಡುಕಿದವರೆಂದು ಕರೆಯಲು ನಮಗೆ ಮನಸ್ಸಾಗದು. ಅತ್ಯಗತ್ಯ ಸೇವೆ ನಿಲ್ಲಬಾರದೆಂಬ ಹೊಣೆ ಸೇವೆ ಮಾಡುವವರ ಮೇಲೆ ಮಾತ್ರವೇ ಇರುವುದೇ? ಅದು ಅಷ್ಟು ಅತ್ಯಗತ್ಯವಾದರೆ ಅದಕ್ಕೆ ತಕ್ಕ ಕೂಲಿ ಕೊಡುವ ಹೊಣೆಯೂ ಅಷ್ಟೇ ಅತ್ಯಗತ್ಯ.

ನಮ್ಮ ಸಂಸ್ಥೆಗಳ ಅಂಗಳದಲ್ಲಿ

ಇಲ್ಲಿಗೆ ನಿಲ್ಲಿಸಿದರೆ ಸರ್ಕಾರವನ್ನು ಟೀಕಿಸಿ ನೆಮ್ಮದಿಯಾಗಿ ಮಲಗಬಹುದು. ಆದರೆ ಸೇವೆ ಎಂಬ ಪದ ಸರ್ಕಾರಕ್ಕಿಂತ ಧರ್ಮಸಭೆಯ ಬಾಯಲ್ಲೇ ಹೆಚ್ಚು ಕೇಳಿಬರುವಂಥದ್ದು. ಆ ಪದವನ್ನು ಮುಂದಿಟ್ಟು ಕಡಿಮೆ ಸಂಬಳ ಕೊಡುವ ಅಪಾಯ ನಮ್ಮ ಶಾಲೆ, ಆಸ್ಪತ್ರೆಗಳಿಗೂ ಇದೆ.

ಕೇರಳದ ದಾದಿಯರ ಹೋರಾಟ ಇದಕ್ಕೆ ನಿದರ್ಶನ. ಸುಪ್ರೀಂ ಕೋರ್ಟಿನ ನಿರ್ದೇಶನದಂತೆ 2016ರಲ್ಲಿ ರಚನೆಯಾದ ತಜ್ಞರ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ದಾದಿಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದೆಂದು ಶಿಫಾರಸು ಮಾಡಿತು. 200ಕ್ಕೂ ಹೆಚ್ಚು ಹಾಸಿಗೆ ಇರುವಲ್ಲಿ ಸರ್ಕಾರಿ ದಾದಿಯ ಸಮಾನ ಸಂಬಳ ಕೊಡಬೇಕೆಂದಿತು. ಇದು ಜಾರಿಯಾಗಲೆಂದು ಅಲ್ಲಿನ ಖಾಸಗಿ ಆಸ್ಪತ್ರೆಗಳ ದಾದಿಯರು 2017ರಲ್ಲಿ ಮುಷ್ಕರ ಹೂಡಿದರು. ಆ ಆಸ್ಪತ್ರೆಗಳಲ್ಲಿ ಕಥೊಲಿಕ ಸಂಸ್ಥೆಗಳೂ ಇದ್ದವು. ಅದೇ ಜುಲೈನಲ್ಲಿ ಮುಖ್ಯಮಂತ್ರಿಗಳ ಸಮ್ಮುಖದಲ್ಲಿ 20,000 ರೂಪಾಯಿಗೆ ಒಪ್ಪಂದವಾಯಿತು, 2018ರ ಏಪ್ರಿಲ್‌ನಲ್ಲಿ ಅಧಿಸೂಚನೆಯೂ ಹೊರಟಿತು. ನಮ್ಮ ಕರಾವಳಿಯಿಂದಲೂ ಎಷ್ಟೋ ಹೆಣ್ಣುಮಕ್ಕಳು ನರ್ಸಿಂಗ್ ಕಲಿತು ಕೊಲ್ಲಿ ರಾಷ್ಟ್ರಗಳಿಗೆ, ಇಂಗ್ಲೆಂಡಿಗೆ ಹೋಗುತ್ತಾರೆ. ಊರು ಬಿಡುವ ಆಸೆಯಿಂದಲ್ಲ, ಶಿಕ್ಷಣ ಸಾಲದ ಕಂತಿಗೂ ಊರಿನ ಸಂಬಳ ಸಾಲದು ಎಂಬ ಕಾರಣಕ್ಕೆ ಹೋಗುವವರು ಅವರಲ್ಲಿ ಅನೇಕರು.

ಧರ್ಮಭಗಿನಿಯರು, ಗುರುಗಳು ತಮ್ಮ ಬದುಕನ್ನು ಸೇವೆಗೆ ಮುಡಿಪಾಗಿಡುವುದು ಸ್ವಇಚ್ಛೆಯ ವ್ರತದಿಂದ. ಅವರ ಊಟ, ವಸತಿ, ವೃದ್ಧಾಪ್ಯವನ್ನು ಸಭೆ ನೋಡಿಕೊಳ್ಳುತ್ತದೆ. ಮನೆಯಲ್ಲಿ ಮಕ್ಕಳಿರುವ ಶಿಕ್ಷಕಿ, ಬಾಡಿಗೆ ಕಟ್ಟಬೇಕಾದ ದಾದಿ, ಚರ್ಚಿನ ಅಂಗಳ ಗುಡಿಸುವ ಹೆಂಗಸು ಆ ವ್ರತ ತೊಟ್ಟವರಲ್ಲ. ಒಬ್ಬರ ತ್ಯಾಗವನ್ನು ತೋರಿಸಿ ಇನ್ನೊಬ್ಬರ ಕೂಲಿಯನ್ನು ಕಡಿಮೆ ಮಾಡಲಾಗದು. ತ್ಯಾಗವೆಂಬುದು ತಾನಾಗಿ ಕೊಡುವಂಥದ್ದು, ಬೇರೊಬ್ಬರು ಕಡಿತ ಮಾಡಿಕೊಳ್ಳುವಂಥದ್ದಲ್ಲ.

ಸಣ್ಣ ಶಾಲೆ, ಸಣ್ಣ ಆಸ್ಪತ್ರೆ ನಡೆಸುವವರ ಕಷ್ಟ ನಮಗೆ ತಿಳಿಯದ್ದಲ್ಲ. ಬಡವರಿಂದ ಹೆಚ್ಚು ಶುಲ್ಕ ಪಡೆಯಬಾರದು, ಸಿಬ್ಬಂದಿಗೆ ನ್ಯಾಯವಾಗಿ ಕೊಡಬೇಕು, ಎರಡೂ ಏಕಕಾಲಕ್ಕೆ ಆಗಬೇಕೆಂದರೆ ಸುಲಭವಲ್ಲ. ಆದರೆ ಹೊಸ ಕಟ್ಟಡಕ್ಕೆ, ಹಬ್ಬದ ದೀಪಾಲಂಕಾರಕ್ಕೆ ದಾನಿಗಳು ಸಿಗುವಾಗ ಸಂಬಳದ ನಿಧಿಗೆ ದಾನಿಗಳು ಸಿಗಲಾರರೇ?

ನಾವೇನು ಮಾಡಬಹುದು?

ಪ್ರಿಯ ಓದುಗರೇ, ಕಾರ್ಮಿಕರ ಪಾಲಕ ಸಂತ ಜೋಸೆಫರ ಹಬ್ಬವನ್ನು ಜಗದ್ಗುರು ಹನ್ನೆರಡನೆಯ ಪಿಯುಸರು 1955ರಲ್ಲಿ ಮೇ 1ಕ್ಕೆ ನಿಗದಿಪಡಿಸಿದರು. ಪ್ರತಿ ವರ್ಷ ಆ ದಿನ ಬಲಿಪೂಜೆಯಲ್ಲಿ ಕಾರ್ಮಿಕರಿಗಾಗಿ ಪ್ರಾರ್ಥಿಸುತ್ತೇವೆ. ಅದರೊಂದಿಗೆ ಇನ್ನೂ ಎರಡು ಕೆಲಸ ಮಾಡಲು ಸಾಧ್ಯವಿದೆ.

ಮೊದಲನೆಯದು, ಪ್ರತಿ ಧರ್ಮಕೇಂದ್ರದ ಪಾಲನಾ ಮಂಡಳಿ ವರ್ಷಕ್ಕೊಮ್ಮೆ ತನ್ನ ಚರ್ಚು, ಶಾಲೆಗಳಲ್ಲಿ ದುಡಿಯುವ ಎಲ್ಲರ ಸಂಬಳದ ಪಟ್ಟಿಯನ್ನು ಮುಂದಿಟ್ಟುಕೊಂಡು ಸರ್ಕಾರ ನಿಗದಿಪಡಿಸಿದ ಕನಿಷ್ಠ ವೇತನದೊಂದಿಗೆ ಹೋಲಿಸಿ ನೋಡಲಿ. ಕೊರತೆ ಇದ್ದರೆ ಅದನ್ನು ತುಂಬಲು ಕಾಲಮಿತಿ ಹಾಕಿಕೊಳ್ಳಲಿ. ಎರಡನೆಯದು, ನಮ್ಮ ವಾರ್ಡಿನ ಆಶಾ ಕಾರ್ಯಕರ್ತೆಯ ಪರವಾಗಿ ಗ್ರಾಮಸಭೆಯಲ್ಲಿ ಮಾತನಾಡೋಣ, ಶಾಸಕರಿಗೆ, ಸಂಸದರಿಗೆ ಪತ್ರ ಬರೆಯೋಣ. ನಮ್ಮ ಮಕ್ಕಳ ಲಸಿಕೆಯ ದಿನಾಂಕವನ್ನು ನಾವು ಮರೆತರೂ ಆಕೆ ಮರೆಯುವುದಿಲ್ಲ. ಆಕೆಗೆ ಸಲ್ಲಬೇಕಾದ ಕೂಲಿಯನ್ನು ನಾವೂ ಮರೆಯಬಾರದು. ಸರ್ಕಾರದವರು ಕೊಟ್ಟ ಮಾತನ್ನು ಉಳಿಸಿಕೊಳ್ಳಲಿ, ಅವರು ಮತ್ತೊಮ್ಮೆ ಬೀದಿಯಲ್ಲಿ ರಾತ್ರಿ ಕಳೆಯುವ ಪ್ರಸಂಗ ಬಾರದಿರಲಿ ಎಂಬುದು ನಮ್ಮ ಆಗ್ರಹ, ನಮ್ಮ ಪ್ರಾರ್ಥನೆ.