ಜಿಗಿದಾಗ ಉಚ್ಚೆ ಹನಿದರೆ ಆಟ ಬಿಡಿಸಬೇಡಿ!

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಯ ತಾಯಂದಿರೇ, ಪಿ.ಟಿ. ಮೇಷ್ಟ್ರೇ, ನೃತ್ಯ ಗುರುಗಳೇ,

ಕಬಡ್ಡಿಯಲ್ಲಿ ಮುಂದಿದ್ದ ಹುಡುಗಿ ಒಂಬತ್ತನೇ ಕ್ಲಾಸಿಗೆ ಬಂದ ಮೇಲೆ ಹೊಟ್ಟೆನೋವಿನ ನೆಪ ಹೇಳಿ ಮೈದಾನಕ್ಕೆ ಬರುವುದನ್ನೇ ಬಿಡುತ್ತಾಳೆ. ಭರತನಾಟ್ಯ ಕಲಿಯುವವಳು ಕ್ಲಾಸಿನ ದಿನ ನೀರೇ ಮುಟ್ಟುವುದಿಲ್ಲ. ಕಾರಣಗಳು ಹಲವಿರಬಹುದು. ಯಾರೂ ಕೇಳದ ಕಾರಣವೊಂದಿದೆ: ಓಡಿದಾಗ, ಜಿಗಿದಾಗ, ಜೋರಾಗಿ ನಕ್ಕಾಗ ಉಚ್ಚೆ ಹನಿಯುತ್ತದೆ.

ಹೆರಿಗೆಯಾದವರಿಗೆ, ವಯಸ್ಸಾದವರಿಗೆ ಮಾತ್ರ ಹೀಗಾಗುತ್ತದೆ ಎಂದುಕೊಂಡಿದ್ದೀರಾ? 1994ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಒಂದೂ ಹೆರಿಗೆಯಾಗದ, ಇಪ್ಪತ್ತರ ಆಸುಪಾಸಿನ ಕಾಲೇಜು ಆಟಗಾರ್ತಿಯರಲ್ಲೇ ನೂರಕ್ಕೆ 28 ಮಂದಿ ಆಡುವಾಗ ಸೋರುತ್ತದೆ ಎಂದರು. ಜಿಮ್ನಾಸ್ಟಿಕ್ಸ್‌ನವರಲ್ಲಿ ನೂರಕ್ಕೆ 67! 2002ರಲ್ಲಿ ಪ್ರಕಟವಾದ ಡೆನ್ಮಾರ್ಕ್‌ನ ಅಧ್ಯಯನದಲ್ಲಿ ಬ್ಯಾಲೆ ನರ್ತಕಿಯರನ್ನೂ ಸೇರಿಸಿ 291 ಆಟಗಾರ್ತಿಯರನ್ನು ವಿಚಾರಿಸಿದಾಗ, ಅರ್ಧಕ್ಕಿಂತ ಹೆಚ್ಚು ಜನರಿಗೆ ಈ ಅನುಭವ ಆಗಿತ್ತು. ಮೈ ಗಟ್ಟಿಯಿದ್ದವರಿಗೂ ಹೀಗಾಗುತ್ತದೆ, ನಾಚಿಕೆಪಡುವಂಥದ್ದು ಇದರಲ್ಲೇನಿದೆ?

ಜಿಗಿದು ಕಾಲೂರಿದ ಕ್ಷಣ ಹೊಟ್ಟೆಯ ಒತ್ತಡವೆಲ್ಲ ಮೂತ್ರಕೋಶದ ಮೇಲೆ ಬೀಳುತ್ತದೆ. ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಜೋಲಿಯಂತೆ ಹೊತ್ತ ಸ್ನಾಯುಗಳು ಆಗ ಬಿಗಿಯದಿದ್ದರೆ ಹನಿಯುತ್ತದೆ. ತೊಡೆಗೆ, ಹೊಟ್ಟೆಗೆ ಕಸರತ್ತು ಮಾಡಿಸುತ್ತೀರಿ. ಈ ಜೋಲಿ ಸ್ನಾಯುಗಳಿಗೆ ಎಂದಾದರೂ ಮಾಡಿಸಿದ್ದೀರಾ?

ಹುಡುಗಿಯರೇ, ಹೀಗೆ ಮಾಡಿ. ಹೊಟ್ಟೆಯ ಗಾಳಿ ತಡೆಯುವಾಗ ಬಿಗಿಹಿಡಿಯುತ್ತೀರಲ್ಲ, ಹಾಗೇ ಒಳಕ್ಕೆ, ಮೇಲಕ್ಕೆ ಎಳೆದು ಆರರಿಂದ ಎಂಟು ಸೆಕೆಂಡು ಹಿಡಿದಿಡಿ. ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಿ. ಉಸಿರು ಕಟ್ಟಬೇಡಿ. ಒಂದು ಸಲಕ್ಕೆ ಎಂಟರಿಂದ ಹನ್ನೆರಡು ಬಾರಿ, ದಿನಕ್ಕೆ ಮೂರು ಹೊತ್ತು, ಕನಿಷ್ಠ ಮೂರು ತಿಂಗಳು. ಕೆಮ್ಮುವ, ಜಿಗಿಯುವ ಮುನ್ನ ಒಮ್ಮೆ ಬಿಗಿಹಿಡಿಯುವುದನ್ನು ರೂಢಿ ಮಾಡಿಕೊಳ್ಳಿ. ಉಚ್ಚೆ ಹೊಯ್ಯುವಾಗ ನಡುವೆ ತಡೆದು ಅಭ್ಯಾಸ ಮಾಡುವುದು ಬೇಡ. ಬಹಳ ಮಂದಿಗೆ ಇಷ್ಟರಲ್ಲೇ ಕಡಿಮೆಯಾಗುತ್ತದೆ. ಆಗದಿದ್ದರೆ ಫಿಸಿಯೋಥೆರಪಿಯವರನ್ನು ಕಾಣಿ. ಉರಿ, ನೋವು, ರಕ್ತ ಕಂಡರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ. ನಮ್ಮ ಬಿಸಿಲಿನಲ್ಲಿ ನೀರು ಕುಡಿಯುವುದನ್ನು ಬಿಡುವುದಂತೂ ಶುದ್ಧ ತಪ್ಪು: ತಲೆಸುತ್ತು, ಉರಿಮೂತ್ರ ಎರಡೂ ಬಂದಾವು.

ಹೆಂಗಸರ ಕಸರತ್ತು ನಮ್ಮ ನೆಲಕ್ಕೆ ಹೊಸದಲ್ಲ: ವಿಜಯನಗರದ ಅರಮನೆಯಲ್ಲಿ ಕುಸ್ತಿ ಹಿಡಿಯುವ ಹೆಂಗಸರಿದ್ದರೆಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ 1535ರ ಹೊತ್ತಿಗೇ ಬರೆದಿದ್ದಾನೆ. ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನ ನರ್ತಕಿಯರನ್ನು ಪ್ರವಾಸಿಗರಿಗೆ ತೋರಿಸಿ ಬೀಗುವ ನಾವು, ಕುಣಿಯುವ ಜೀವಂತ ಹುಡುಗಿಗೆ ಚಿಲಕವಿರುವ ಶೌಚಾಲಯ ಕೊಡಬಾರದೇ? ಪ್ರತಿ ಮೈದಾನಕ್ಕೂ, ಪ್ರತಿ ವೇದಿಕೆಯ ಹಿಂದೆಯೂ ಅದು ಬೇಕು.

ಮೇಷ್ಟ್ರೇ, “ಸರ್, ಒಂದಕ್ಕೆ” ಎಂದವಳನ್ನು ಗದರಿ ಕೂರಿಸಬೇಡಿ. ಬಿಳಿ ಚಡ್ಡಿಯೇ ಬೇಕೆಂದು ಹಟ ಹಿಡಿಯಬೇಡಿ. ಈ ಕಸರತ್ತು ಹೇಳಿಕೊಡಲು ನಿಮಗೆ ಮುಜುಗರವಾದರೆ ಶಾಲೆಯ ಶಿಕ್ಷಕಿಯೊಬ್ಬರಿಗೆ ಒಪ್ಪಿಸಿ, ಈ ವಾರವೇ.