ಒಂದೇ ಕ್ಲಿಕ್ಕಿನ ಸತ್ಯ

ಕಳೆದ ದೀಪಾವಳಿಗೆ ಮನೆಗೆ ಬಂದಿದ್ದ ನನ್ನ ತಂಗಿಯ ಮಗ ಹಜಾರದ ಗೋಡೆಯ ಮೇಲಿನ ಚಿತ್ರವೊಂದರ ಮುಂದೆ ಬಹಳ ಹೊತ್ತು ನಿಂತಿದ್ದ. ಮುಳ್ಳಯ್ಯನಗಿರಿಯ ಇಳಿಜಾರಿನಲ್ಲಿ ತೆಗೆದ ಭೂದೃಶ್ಯ ಅದು. ಮುಂಭಾಗದಲ್ಲಿ ಹಾಸುಬಂಡೆ, ಅದರ ಮೇಲೆ ಬೂದುಹಸಿರು ಬಣ್ಣದ ಕಲ್ಲುಹೂವು. ಆಚೆಗೆ ಹುಲ್ಲುಗಾವಲು, ಕಣಿವೆಯಲ್ಲಿ ಶೋಲಾ ಕಾಡು, ಕೊನೆಯಲ್ಲಿ ಒಂದರ ಹಿಂದೊಂದು ಬೆಟ್ಟದ ಸಾಲು. ಕಲ್ಲುಹೂವಿನ ಅಂಚಿನ ಸುಕ್ಕು ಎಷ್ಟು ಸ್ಪಷ್ಟವೋ ದೂರದ ಬೆಟ್ಟದ ನೆತ್ತಿಯೂ ಅಷ್ಟೇ ಸ್ಪಷ್ಟ. ಹುಡುಗ ಮೆಚ್ಚುತ್ತಾನೆಂದು ನಾನು ಕಾದಿದ್ದೆ. ಅವನು ತಿರುಗಿ, "ಚೆನ್ನಾಗಿದೆ ಮಾವ, ಆದರೆ ಇದು ನಿಜವಾದ ಫೋಟೋ ಅಲ್ಲ. ಫೋಕಸ್ ಸ್ಟ್ಯಾಕಿಂಗ್. ಕಂಪ್ಯೂಟರಿನಲ್ಲಿ ಮಾಡಿದ್ದು" ಎಂದು ತೀರ್ಪು ಕೊಟ್ಟು ಊಟಕ್ಕೆ ಹೋದ.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ನಾಚಿಕೆಯಾಯಿತು. ಏಕೆಂದರೆ ಇದೇ ಮಾತನ್ನು, ಇದೇ ಚಿತ್ರದ ಬಗ್ಗೆ, 2013ರಲ್ಲಿ ನಾನೇ ಆಡಿದ್ದೆ. ಅದೂ ತೀರ್ಪುಗಾರನ ಕುರ್ಚಿಯಲ್ಲಿ ಕುಳಿತು.

ನಮ್ಮ ಊರಿನಲ್ಲಿ ನಡೆದ ಒಂದು ಸಣ್ಣ ಛಾಯಾಚಿತ್ರ ಸ್ಪರ್ಧೆ ಅದು. ಮೂವರು ತೀರ್ಪುಗಾರರಲ್ಲಿ ನಾನೊಬ್ಬ. ಈ ಚಿತ್ರವನ್ನು ಕಳುಹಿಸಿದವನು ನನ್ನ ಹಳೆಯ ವಿದ್ಯಾರ್ಥಿ. ಹೆಸರು ಹೇಳುವುದಿಲ್ಲ; ಈ ಪುಟವನ್ನು ಓದುವವರಲ್ಲಿ ಅವನೂ ಒಬ್ಬ. ಚಿತ್ರದ ಹಿಂಬದಿಯಲ್ಲಿ ಅವನು ಪ್ರಾಮಾಣಿಕವಾಗಿ "ಏಳು ಚಿತ್ರಗಳ ಜೋಡಣೆ" ಎಂದು ಬರೆದಿದ್ದ. ಉಳಿದಿಬ್ಬರು ಅನುಮಾನಿಸುತ್ತಿದ್ದಾಗ ನಾನು, ವಿಜ್ಞಾನದ ಮೇಷ್ಟ್ರು, ಗಂಟಲು ಸರಿಪಡಿಸಿಕೊಂಡು, "ಛಾಯಾಗ್ರಹಣವೆಂದರೆ ಒಂದು ಕ್ಷಣ, ಒಂದು ಕ್ಲಿಕ್ಕು, ಒಂದು ಸತ್ಯ. ಏಳು ಕ್ಲಿಕ್ಕುಗಳ ಸತ್ಯವಿರಲು ಸಾಧ್ಯವಿಲ್ಲ" ಎಂದೆ. ಚಿತ್ರ ಸ್ಪರ್ಧೆಯಿಂದ ಹೊರಬಿತ್ತು. ಅನಂತರ ಅವನು ಯಾವ ಸ್ಪರ್ಧೆಗೂ ಚಿತ್ರ ಕಳುಹಿಸಲಿಲ್ಲವೆಂದು ಬಹಳ ದಿನಗಳ ಮೇಲೆ ತಿಳಿಯಿತು.

ಆದ್ದರಿಂದ ಇಂದಿನ ಬರಹ ನನ್ನ ಸೋದರಳಿಯನಿಗೆ ಉತ್ತರ. ಅದಕ್ಕಿಂತ ಹೆಚ್ಚಾಗಿ, ಅಂದಿನ ನನಗೆ ಉತ್ತರ.

ಕ್ಯಾಮೆರಾದ ಗೊಡವೆ ಇಲ್ಲದವರಿಗಾಗಿ ಮೊದಲು ವಿಷಯವನ್ನು ಹೇಳಿಬಿಡುತ್ತೇನೆ. ಒಂಬತ್ತನೆಯ ತರಗತಿಯಲ್ಲಿ ಪೀನ ಮಸೂರದಿಂದ ಮೇಣದ ಬತ್ತಿಯ ಬಿಂಬವನ್ನು ಕಾಗದದ ಮೇಲೆ ಬೀಳಿಸಿದ್ದು ನಿಮಗೆ ನೆನಪಿರಬೇಕು. ಬತ್ತಿಯ ಬಿಂಬ ಸ್ಪಷ್ಟವಾಗಿ ಬಿದ್ದಾಗ ಕಿಟಕಿಯ ಬಿಂಬ ಮಸುಕು. ಕಿಟಕಿ ಸ್ಪಷ್ಟವಾದಾಗ ಬತ್ತಿ ಮಸುಕು. ಕ್ಯಾಮೆರಾದ ಕಷ್ಟವೂ ಅದೇ. ಮಸೂರವು ಕರಾರುವಾಕ್ಕಾಗಿ ಸ್ಪಷ್ಟಗೊಳಿಸುವುದು ಒಂದೇ ದೂರವನ್ನು. ಅದರ ಹಿಂದೆ ಮುಂದೆ ಒಂದಷ್ಟು ಆಳದವರೆಗೆ ಮಸುಕು ನಮ್ಮ ಕಣ್ಣಿಗೆ ಗೊತ್ತಾಗದಷ್ಟು ಕಡಿಮೆ ಇರುತ್ತದೆ, ಅಷ್ಟೇ. ದ್ಯುತಿರಂಧ್ರವನ್ನು ಕಿರಿದು ಮಾಡಿದರೆ ಈ ಆಳ ಹೆಚ್ಚುತ್ತದೆ.

ಹಾಗಾದರೆ ಕಿರಿದು ಮಾಡಿ ಒಂದೇ ಕ್ಲಿಕ್ಕಿನಲ್ಲಿ ಮುಗಿಸಬಹುದಿತ್ತಲ್ಲ ಎನ್ನುವಿರಿ. ನಾನೂ ಅಂದು ಅದನ್ನೇ ಕೇಳಿದ್ದೆ, ಲೆಕ್ಕ ಹಾಕದೆ. ಲೆಕ್ಕದ ಮೇಷ್ಟ್ರು ರಜೆ ಹಾಕಿದ ದಿನ ನಿಮಗೆ ಗಣಿತವನ್ನೂ ಹೇಳಿಕೊಟ್ಟವನು ನಾನು, ಈಗ ಹಾಕುತ್ತೇನೆ. ಅವನು ಬಳಸಿದ್ದು 24 ಮಿಲಿಮೀಟರ್ ಸಂಗಮದೂರದ ಮಸೂರ, 35 ಮಿ.ಮೀ. ಫಿಲ್ಮಿನಷ್ಟೇ ದೊಡ್ಡ ಸಂವೇದಕದ ಕ್ಯಾಮೆರಾ. ಫಿಲ್ಮ್ ಕಾಲದ ವಾಡಿಕೆಯಂತೆ 0.03 ಮಿ.ಮೀ.ವರೆಗಿನ ಮಸುಕನ್ನು ಕ್ಷಮಿಸೋಣ. ಎಫ್/11ರಲ್ಲಿ ಸುಮಾರು 1.8 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ 0.9 ಮೀಟರಿನಿಂದ ಅನಂತದವರೆಗೆ ಎಲ್ಲವೂ ಸ್ಪಷ್ಟ. ಎಫ್/22ಕ್ಕೆ ಕಿರಿದು ಮಾಡಿದರೆ ಸುಮಾರು 45 ಸೆಂಟಿಮೀಟರಿನಿಂದ, ಎಂದರೆ ಒಂದು ಮೊಳದಿಂದ, ಸ್ಪಷ್ಟ. ಆದರೆ ಆ ಕಲ್ಲುಹೂವು ಇದ್ದದ್ದು ಒಂದೂವರೆ ಗೇಣು ದೂರದಲ್ಲಿ! ಎಫ್/22 ಕೂಡ ಅದನ್ನು ಮುಟ್ಟುವುದಿಲ್ಲ.

ಅಷ್ಟೇ ಅಲ್ಲ. ರಂಧ್ರ ಕಿರಿದಾದಂತೆ ಬೆಳಕಿನ ವಿವರ್ತನೆ ಎದ್ದು ಕಾಣತೊಡಗುತ್ತದೆ. ಒಂದು ಬಿಂದುವಿನ ಬೆಳಕು ಬಿಂದುವಾಗಿ ಬೀಳದೆ ಸಣ್ಣ ಬಿಲ್ಲೆಯಾಗಿ ಹರಡುತ್ತದೆ. ಎಫ್/11ರಲ್ಲಿ ಹಸಿರು ಬೆಳಕಿನ ಆ ಬಿಲ್ಲೆಯ ವ್ಯಾಸ ಸುಮಾರು 0.015 ಮಿ.ಮೀ.; ಎಫ್/22ರಲ್ಲಿ ಅದರ ಎರಡರಷ್ಟು. ಅದೇ ಅಳತೆಯ 24 ಮೆಗಾಪಿಕ್ಸೆಲ್ ಸಂವೇದಕದಲ್ಲಿ ಒಂದು ಪಿಕ್ಸೆಲ್ಲಿನ ಅಗಲ 0.006 ಮಿ.ಮೀ. ಆಳವನ್ನು ಗಳಿಸಲು ಹೋಗಿ ಇಡೀ ಚಿತ್ರದ ಮೊನಚನ್ನು ಕಳೆದುಕೊಂಡಂತಾಗುತ್ತದೆ. ಇದು ಛಾಯಾಗ್ರಾಹಕನ ಸೋಮಾರಿತನವಲ್ಲ, ಬೆಳಕಿನ ಗುಣ.

ಅವನು ಮಾಡಿದ್ದೇನು? ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಅಲುಗಾಡದಂತೆ ನಿಲ್ಲಿಸಿದ. ರಂಧ್ರವನ್ನು ಎಫ್/8ಕ್ಕೆ ಇಟ್ಟ. ಬೆಳಕಿನ ಪ್ರಮಾಣ, ಬಣ್ಣದ ಹದ ಎರಡನ್ನೂ ಬದಲಾಗದಂತೆ ಬಿಗಿದ. ಕಲ್ಲುಹೂವಿಗೆ ಫೋಕಸ್ ಮಾಡಿ ಒಂದು ಚಿತ್ರ. ಬಂಡೆಯ ಅಂಚಿಗೆ ಇನ್ನೊಂದು. ಹುಲ್ಲಿಗೆ, ಕಾಡಿಗೆ, ಬೆಟ್ಟಕ್ಕೆ ಎಂದು ಒಟ್ಟು ಏಳು. ಅರ್ಧ ನಿಮಿಷದ ಕೆಲಸ. ಮನೆಗೆ ಬಂದು ತಂತ್ರಾಂಶದಲ್ಲಿ ಏಳನ್ನೂ ಒಂದರ ಮೇಲೊಂದು ಕೂರಿಸಿ, ಪ್ರತಿಯೊಂದರಿಂದಲೂ ಸ್ಪಷ್ಟವಾದ ಭಾಗವನ್ನು ಮಾತ್ರ ಉಳಿಸಿಕೊಂಡ. ಫೋಟೋಶಾಪಿನಲ್ಲಿ ಈ ಸೌಲಭ್ಯ 2008ರಲ್ಲಿಯೇ ಬಂದಿತ್ತು. ಫೋಕಸ್ ಬದಲಾದಾಗ ಬಿಂಬದ ಗಾತ್ರವೂ ತುಸು ಬದಲಾಗುವುದರಿಂದ ಮೊದಲು ಅವುಗಳನ್ನು ಸರಿಹೊಂದಿಸಬೇಕು. ಅದನ್ನೂ ತಂತ್ರಾಂಶವೇ ಮಾಡುತ್ತದೆ. ಅಲ್ಲಿ ಇರದಿದ್ದ ಒಂದು ಹುಲ್ಲುಕಡ್ಡಿಯನ್ನೂ ಅವನು ಸೇರಿಸಲಿಲ್ಲ. ಇದ್ದ ಒಂದು ಕಲ್ಲನ್ನೂ ಅಳಿಸಲಿಲ್ಲ.

ಇದರಲ್ಲಿ ಸುಳ್ಳು ಎಲ್ಲಿದೆ? ದಯವಿಟ್ಟು ತೋರಿಸಿ.

"ಕಣ್ಣು ಹಾಗೆ ನೋಡುವುದಿಲ್ಲ" ಎನ್ನುವುದು ಮೊದಲ ಆಕ್ಷೇಪ. ಇದು ಹಳೆಯದು. ಇಂಗ್ಲೆಂಡಿನ ಛಾಯಾಗ್ರಾಹಕ ಪೀಟರ್ ಹೆನ್ರಿ ಎಮರ್ಸನ್ 1889ರಲ್ಲಿ ಪ್ರಕಟಿಸಿದ 'ನ್ಯಾಚುರಲಿಸ್ಟಿಕ್ ಫೋಟೋಗ್ರಫಿ' ಪುಸ್ತಕದಲ್ಲಿ, ಕಣ್ಣು ನೋಡುವಂತೆಯೇ ಮುಖ್ಯ ವಸ್ತು ಮಾತ್ರ ಸ್ಪಷ್ಟವಾಗಿದ್ದು ಉಳಿದದ್ದು ತುಸು ಮೆತ್ತಗಿರಬೇಕೆಂದು ವಾದಿಸಿದ್ದರು. ಆದರೆ ಕಣ್ಣು ನಿಜವಾಗಿ ನೋಡುವುದು ಹೇಗೆ? ಕೈಚಾಚಿ ಹೆಬ್ಬೆರಳನ್ನು ಎತ್ತಿಹಿಡಿಯಿರಿ. ಅದರ ಉಗುರಿನಷ್ಟು ಅಗಲ, ಎಂದರೆ ಸುಮಾರು ಎರಡು ಡಿಗ್ರಿಯಷ್ಟು ಜಾಗವನ್ನು ಮಾತ್ರ ಒಂದು ಕ್ಷಣದಲ್ಲಿ ಕಣ್ಣು ಪೂರ್ಣ ಸ್ಪಷ್ಟವಾಗಿ ಕಾಣಬಲ್ಲದು. ಅಕ್ಷಿಪಟಲದ ನಡುವಿನ ಸಣ್ಣ ತಗ್ಗೊಂದರ ಕೆಲಸ ಅದು. ಉಳಿದುದನ್ನೆಲ್ಲ ಕಣ್ಣು ಸೆಕೆಂಡಿಗೆ ಸುಮಾರು ಮೂರು ಬಾರಿ ಜಿಗಿಜಿಗಿದು ಸಂಗ್ರಹಿಸುತ್ತದೆ. ಹತ್ತಿರದ್ದಕ್ಕೆ ಬಂದಾಗ ಮಸೂರ ಉಬ್ಬುತ್ತದೆ, ದೂರದ್ದಕ್ಕೆ ಹೋದಾಗ ಚಪ್ಪಟೆಯಾಗುತ್ತದೆ. ಮಿದುಳು ಇವೆಲ್ಲವನ್ನೂ ಜೋಡಿಸಿ "ಇಗೋ ಬೆಟ್ಟ, ಇಗೋ ಬಂಡೆ" ಎಂದು ಒಂದೇ ದೃಶ್ಯವನ್ನು ನಮಗೊಪ್ಪಿಸುತ್ತದೆ. ಎಮರ್ಸನ್ ಹಿಡಿದದ್ದು ಕಣ್ಣಿನ ಒಂದು ಕ್ಷಣವನ್ನು. ಬೆಟ್ಟದ ಮೇಲೆ ನಿಂತವನ ನೋಟ ಒಂದು ಕ್ಷಣದ್ದಲ್ಲ. ಏಳು ಚಿತ್ರಗಳ ಜೋಡಣೆ ಆ ನೋಟಕ್ಕೆ ಹೆಚ್ಚು ಹತ್ತಿರ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. 2019ರಲ್ಲಿ ನನ್ನ ಎರಡೂ ಕಣ್ಣುಗಳಿಗೆ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಒಳಗೆ ಕೂರಿಸಿದ ಮಸೂರ ಒಂದೇ ದೂರಕ್ಕೆ ಹೊಂದಿಸಿದ್ದು. ಅದು ಉಬ್ಬುವುದೂ ಇಲ್ಲ, ಚಪ್ಪಟೆಯಾಗುವುದೂ ಇಲ್ಲ. ದೂರದ್ದು ಕನ್ನಡಿಯಂತೆ ಸ್ಪಷ್ಟ, ಹತ್ತಿರದ್ದು ಓದುವ ಕನ್ನಡಕವಿಲ್ಲದೆ ಮಸುಕು. ಅದೇ ವರ್ಷದ ಕೊನೆಗೆ ಆ ಹಳೆಯ ವಿದ್ಯಾರ್ಥಿ ಬಂದು, "ನಡೀರಿ ಮೇಷ್ಟ್ರೇ, ಹೊಸ ಕಣ್ಣಿಗೆ ಬೆಟ್ಟ ತೋರಿಸ್ತೀನಿ" ಎಂದು ಮುಳ್ಳಯ್ಯನಗಿರಿಗೆ ಕರೆದೊಯ್ದ. ಅದೇ ಹಾಸುಬಂಡೆ. ನಾನು ಕೂತು ಕನ್ನಡಕ ಹಾಕಿಕೊಂಡು ಕಲ್ಲುಹೂವನ್ನು ನೋಡಿದೆ, ತೆಗೆದು ಬೆಟ್ಟವನ್ನು ನೋಡಿದೆ, ಮತ್ತೆ ಹಾಕಿಕೊಂಡೆ. ನಾಲ್ಕೈದು ಬಾರಿ ಹೀಗಾದ ಮೇಲೆ ಅವನು ಮೆಲ್ಲಗೆ, "ಎಷ್ಟು ಕ್ಲಿಕ್ಕಾಯ್ತು ಸಾರ್?" ಎಂದ. ಆರು ವರ್ಷಗಳಲ್ಲಿ ಆ ತೀರ್ಪಿನ ಬಗ್ಗೆ ಅವನಾಡಿದ ಮೊದಲ ಮಾತು ಅದು. ನನಗೆ ಉತ್ತರ ಹೊಳೆಯಲಿಲ್ಲ. ತೀರ್ಪು ಕೊಟ್ಟ ದಿನವೂ ನನ್ನ ಮೂಗಿನ ಮೇಲಿದ್ದದ್ದು ಬೈಫೋಕಲ್ ಕನ್ನಡಕವೆಂಬುದು ಮನೆಗೆ ಬಂದ ಮೇಲೆ ನೆನಪಾಯಿತು.

ಎರಡನೆಯ ಆಕ್ಷೇಪ, "ಹಿಂದಿನ ಮಹಾನುಭಾವರು ಒಂದೇ ಕ್ಲಿಕ್ಕಿನಲ್ಲಿ ತೆಗೆದರು" ಎಂಬುದು. ನಿಜ. ಆದರೆ ಅವರು ಬಯಸಿದ್ದೇನು? 1932ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್, ಇಮೋಜೆನ್ ಕನ್ನಿಂಗ್‌ಹ್ಯಾಮ್ ಮೊದಲಾದವರು ಕಟ್ಟಿಕೊಂಡ ಗುಂಪಿನ ಹೆಸರೇ 'ಎಫ್/64': ಬಹಳ ಕಿರಿದಾದ ರಂಧ್ರ, ಮುಂದಿನಿಂದ ಹಿಂದಿನವರೆಗೆ ಸ್ಪಷ್ಟತೆ. ಅವರ ದೊಡ್ಡ ಪೆಟ್ಟಿಗೆ ಕ್ಯಾಮೆರಾಗಳಲ್ಲಿ ನೆಗೆಟಿವ್ ಅಂಗೈಗಿಂತ ದೊಡ್ಡದಾಗಿದ್ದುದರಿಂದ ವಿವರ್ತನೆಯ ಮಸುಕು ಅಷ್ಟು ಬಾಧಿಸುತ್ತಿರಲಿಲ್ಲ. ಜೊತೆಗೆ ಅಂಥ ಕ್ಯಾಮೆರಾಗಳಲ್ಲಿ ಮಸೂರವನ್ನೇ ಓರೆ ಮಾಡಿ ಸ್ಪಷ್ಟತೆಯ ತಲವನ್ನು ನೆಲದುದ್ದಕ್ಕೂ ಮಲಗಿಸಬಹುದಿತ್ತು. ಆ ಸೂತ್ರಕ್ಕೆ, ಆಕಾಶದಿಂದ ತೆಗೆದ ಚಿತ್ರಗಳಿಂದ ನಕ್ಷೆ ಮಾಡಲು ಶ್ರಮಿಸಿ 1904ರಲ್ಲಿ ಬ್ರಿಟಿಷ್ ಪೇಟೆಂಟ್ ಪಡೆದ ಆಸ್ಟ್ರಿಯಾದ ಸೇನಾಧಿಕಾರಿ ಥಿಯೋಡೋರ್ ಶೈಂಪ್‌ಫ್ಲೂಗ್ ಅವರ ಹೆಸರಿದೆ. ಮಸೂರವನ್ನು ಓರೆ ಮಾಡಿದರೆ ಕಲೆ, ಫೋಕಸ್ಸನ್ನು ಏಳು ಬಾರಿ ಸರಿಸಿದರೆ ಕಪಟ! ಇದು ಯಾವ ನ್ಯಾಯ?

ಮೂರನೆಯದು, "ಒಂದು ಕ್ಷಣ" ಎಂಬ ಮಂತ್ರ. ಜಲಪಾತವೊಂದರ ಮುಂದೆ ಎರಡು ಸೆಕೆಂಡು ಕ್ಯಾಮೆರಾವನ್ನು ತೆರೆದಿಟ್ಟು ನೀರನ್ನು ರೇಷ್ಮೆಯಾಗಿಸಿದ ಚಿತ್ರಗಳಿಗೆ ನಾನೇ ಬಹುಮಾನ ಕೊಟ್ಟಿದ್ದೇನೆ. ಅಂಥ ನೀರನ್ನು ಭೂಮಿಯ ಮೇಲೆ ಯಾವ ಕಣ್ಣೂ ಕಂಡಿಲ್ಲ. ಬಣ್ಣದ ಲೋಕವನ್ನು ಕಪ್ಪುಬಿಳುಪಿಗೆ ಇಳಿಸಿದವರನ್ನೂ ಯಾರೂ ಸುಳ್ಳುಗಾರರೆಂದು ಕರೆಯಲಿಲ್ಲ. ಒಂದೇ ಕ್ಲಿಕ್ಕಿನಲ್ಲಿ ಧಾರಾಳವಾಗಿ ಸುಳ್ಳನ್ನೂ ಹೇಳಬಹುದು: ಗಿರಿಯ ಮೇಲೆ ನಿಂತು ಕ್ಯಾಮೆರಾವನ್ನು ನಾಲ್ಕು ಬೆರಳು ಪಕ್ಕಕ್ಕೆ ಸರಿಸಿದರೆ ಪ್ರವಾಸಿಗರು ಎಸೆದ ಪ್ಲಾಸ್ಟಿಕ್ ಬಾಟಲಿಗಳ ರಾಶಿ ಚಿತ್ರದಿಂದ ಮಾಯ.

ನನ್ನ ಆ ನಂಬಿಕೆ ಎಲ್ಲಿಂದ ಬಂತೆಂದು ಈಗ ಯೋಚಿಸುತ್ತೇನೆ. ನನ್ನ ಮೊದಲ ಕ್ಯಾಮೆರಾ ಆಗ್ಫಾ ಕ್ಲಿಕ್ 3. ಅದರಲ್ಲಿ ಫೋಕಸ್ ಮಾಡುವ ಏರ್ಪಾಡೇ ಇರಲಿಲ್ಲ. ಒಂದು ರೋಲಿಗೆ ಹನ್ನೆರಡು ಚಿತ್ರ. ಸಂಬಳದ ದಿನಕ್ಕೆ ಕಾದು ರೋಲು ಕೊಳ್ಳುತ್ತಿದ್ದ ನಾನು ಒಂದು ದೃಶ್ಯಕ್ಕೆ ಒಂದೇ ಕ್ಲಿಕ್ಕು ಎಂದು ಶಪಥ ಮಾಡಿಕೊಂಡಿದ್ದೆ. ಅದು ಬಡತನದ ಶಿಸ್ತು, ಒಳ್ಳೆಯ ಶಿಸ್ತೇ. ಆದರೆ ಅದನ್ನು ಸತ್ಯದ ಶಿಸ್ತೆಂದು ಭ್ರಮಿಸಿ ಇನ್ನೊಬ್ಬನ ತಲೆಯ ಮೇಲೆ ಹೇರಿದ್ದು ಅಹಂಕಾರ.

ಹಾಗೆಂದು ಗೆರೆಯೇ ಇಲ್ಲವೆನ್ನುತ್ತಿಲ್ಲ. 2020ರಲ್ಲಿ ಫೋಟೋಶಾಪಿಗೆ ಆಕಾಶವನ್ನೇ ಬದಲಾಯಿಸುವ ಸೌಲಭ್ಯ ಬಂತು. ಬೇರೆ ದಿನದ, ಬೇರೆ ಊರಿನ ಮೋಡವನ್ನು ತಂದು ಗಿರಿಯ ಮೇಲೆ ಹೊದಿಸಿ, ಹೇಳದೆ ಮುಚ್ಚಿಟ್ಟರೆ ಅದು ವಂಚನೆ. (ಫ್ರಾನ್ಸಿನ ಗುಸ್ತಾವ್ ಲೆ ಗ್ರೇ 1857ರಷ್ಟು ಹಿಂದೆಯೇ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ಬಳಸಿ ಚಿತ್ರ ಮುದ್ರಿಸಿದ್ದರು, ಈ ಆಮಿಷ ಹೊಸದಲ್ಲ.) ಫೋಕಸ್ ಸ್ಟ್ಯಾಕಿಂಗ್‌ನಲ್ಲಿಯೂ ಅಡ್ಡದಾರಿಯುಂಟು. ಗಾಳಿಗೆ ಹುಲ್ಲು ಅಲುಗಿದರೆ ಒಂದು ಗರಿಗೆ ಎರಡು ತುದಿ ಮೂಡುತ್ತದೆ; ಗಾಳಿ ನಿಲ್ಲುವವರೆಗೆ ಕಾಯದೆ ಅದನ್ನು ಹಾಗೆಯೇ ಬಿಟ್ಟವನು ಇಲ್ಲದ್ದನ್ನು ತೋರಿಸಿದಂತೆ. ಮಂಜು ಮುಚ್ಚಿದ ಬೆಳಗಿನಲ್ಲಿ ಎಲ್ಲವನ್ನೂ ಸ್ಪಷ್ಟಗೊಳಿಸಲು ಹೊರಡುವುದು ರಸಹೀನತೆ. ಆದರೆ ಇವು ಕೈಯ ದೋಷಗಳು, ವಿಧಾನದ ದೋಷಗಳಲ್ಲ.

ಗೆರೆ ಎಲ್ಲಿ ಎಂಬುದನ್ನು ಬಲ್ಲವರು ಸಹ ಎಳೆದಿದ್ದಾರೆ. ಅಮೆರಿಕದ ಪಿಎಸ್‌ಎ, ಅಂತಾರಾಷ್ಟ್ರೀಯ ಒಕ್ಕೂಟವಾದ ಫಿಯಾಪ್, ಇಂಗ್ಲೆಂಡಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ಮೂರೂ ಸೇರಿ ನಿಸರ್ಗ ಛಾಯಾಗ್ರಹಣಕ್ಕೆಂದು ಒಪ್ಪಿಕೊಂಡು 2015ರಲ್ಲಿ ಜಾರಿಗೆ ತಂದ ವ್ಯಾಖ್ಯೆಯಲ್ಲಿ, ಮೂಲ ದೃಶ್ಯದ ವಸ್ತುವನ್ನು ಬದಲಿಸದ ವಿಧಾನಗಳ ಸಾಲಿನಲ್ಲಿ ಫೋಕಸ್ ಸ್ಟ್ಯಾಕಿಂಗನ್ನು ಹೆಸರಿಸಿಯೇ ಒಪ್ಪಲಾಗಿದೆ; ಸೇರಿಸುವುದು, ಅಳಿಸುವುದು ನಿಷಿದ್ಧ. ನನ್ನ ಅಳತೆಗೋಲು ಇನ್ನೂ ಸರಳ: ಅದೇ ಜಾಗ, ಅದೇ ಹೊತ್ತು, ಅಲುಗದ ಕ್ಯಾಮೆರಾ, ಮತ್ತು ಹೇಗೆ ತೆಗೆದೆನೆಂದು ಮರೆಮಾಚದೆ ಹೇಳುವುದು. ಈ ನಾಲ್ಕೂ 2013ರ ಆ ಚಿತ್ರದಲ್ಲಿದ್ದವು. ನಾಲ್ಕನೆಯದಕ್ಕಾಗಿಯೇ ಅವನಿಗೆ ಶಿಕ್ಷೆಯಾಯಿತು. ಹೇಳದೆ ಇದ್ದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ, ಬಹುಶಃ ಬಹುಮಾನವೂ ಬರುತ್ತಿತ್ತು. ತರಗತಿಯಲ್ಲಿ ನಿಜ ಹೇಳಿದ ಹುಡುಗನನ್ನು ನಾನೆಂದೂ ಹೊಡೆದವನಲ್ಲ. ಅಂದು ಹೊಡೆದೆ.

ಸೋದರಳಿಯನಿಗೆ ಈ ಬರಹವನ್ನು ಕಳುಹಿಸುತ್ತಿದ್ದೇನೆ. ಮುಂದಿನ ಸಲ ಬಂದಾಗ ವಾದ ಮುಂದುವರಿಸಲಿ. ಇನ್ನೊಬ್ಬನಿಗೆ ಕಳುಹಿಸಬೇಕಿಲ್ಲ, ಅವನು ಓದುತ್ತಾನೆ. ಅಪ್ಪಾ, ಅಂದಿನ ನನ್ನ ತೀರ್ಪು ತಪ್ಪು. ಗೋಡೆಯ ಮೇಲೆ ನಿನ್ನ ಚಿತ್ರವನ್ನು ತೂಗುಹಾಕಿದ್ದರಿಂದ ಆ ತಪ್ಪು ತೀರಿತೆಂದು ಇಷ್ಟು ದಿನ ಸುಮ್ಮನಿದ್ದೆ. ನಾಲ್ಕು ಜನರೆದುರು ಆಡಿದ ಮಾತನ್ನು ನಾಲ್ಕು ಜನರೆದುರೇ ಹಿಂತೆಗೆದುಕೊಳ್ಳಬೇಕು. ಹಿಂತೆಗೆದುಕೊಂಡಿದ್ದೇನೆ.